ಬೆಳ್ಳಿ ರೂಪಾಯಿ, ಆನೆ ಕಾಸು: ಮಾರಾಟಕ್ಕೂ ಗ್ರೇಡಿಂಗಿಗೂ ಒಪ್ಪುವ ಫೋಟೊ ತೆಗೆಯುವ ಬಗೆ

ಆನೆ ಕಾಸಿನ ಫೋಟೊ ತೆಗೆದು ಮೊಬೈಲಲ್ಲಿ ನೋಡಿದರೆ ಆನೆ ಉಬ್ಬಿ ನಿಲ್ಲುವ ಬದಲು ಲೋಹದೊಳಗೆ ಕೊರೆದ ಹಾಗೆ ಕಾಣುತ್ತಿದೆಯೇ? ದೋಷ ನಾಣ್ಯದ್ದೂ ಅಲ್ಲ, ಕ್ಯಾಮೆರಾದ್ದೂ ಅಲ್ಲ. ಬೆಳಕು ಆನೆಯ ಕಾಲಿನ ಕಡೆಯಿಂದ ಬಿದ್ದಿದೆ, ಅಷ್ಟೆ. ಬೆಳಕು ಮೇಲಿನಿಂದಲೇ ಬರುತ್ತದೆ ಎಂದು ನಮ್ಮ ಕಣ್ಣು ರೂಢಿ ಮಾಡಿಕೊಂಡಿದೆ. ಬೆನ್ನಿನ ಮೇಲೆ ನೆರಳು, ಹೊಟ್ಟೆಯ ಕೆಳಗೆ ಹೊಳಪು ಬಿದ್ದರೆ ಅದನ್ನು ಗುಂಡಿ ಎಂದೇ ಓದಿಕೊಳ್ಳುತ್ತದೆ. ದೀಪವನ್ನು ಚಿತ್ರದ ತಲೆಯ ಕಡೆಗೆ ಸರಿಸಿ, ಅದೇ ಆನೆ ಎದ್ದು ನಿಲ್ಲುತ್ತದೆ. ನಾಣ್ಯದ ಫೋಟೊದಲ್ಲಿ ಮುಕ್ಕಾಲು ಕೆಲಸ ಹೀಗೆ ದೀಪ ಎಲ್ಲಿಡಬೇಕು ಎಂಬುದರಲ್ಲೇ ಇದೆ. ದುಬಾರಿ ಕ್ಯಾಮೆರಾ ಕೊಳ್ಳುವ ಮೊದಲು ಎರಡು ದೀಪಗಳ ಮುಂದೆ ಒಂದು ಸಂಜೆ ಕೂತು ನೋಡುವುದು ಹೆಚ್ಚು ಕಲಿಸುತ್ತದೆ.

ಇಲ್ಲಿ ಎರಡು ನಾಣ್ಯಗಳನ್ನು ಮುಂದಿಟ್ಟುಕೊಳ್ಳೋಣ. ಒಂದು, 1862ರ ಇಸವಿ ಇರುವ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ. ಇನ್ನೊಂದು, ಟಿಪ್ಪುವಿನ ಕಾಲದ ತಾಮ್ರದ ಆನೆ ಕಾಸು. ಒಂದು ಬಿಳಿ ಹೊಳಪಿನದು, ಯಂತ್ರದಲ್ಲಿ ಅಚ್ಚಾದದ್ದು. ಇನ್ನೊಂದು ಕಪ್ಪಗಾದದ್ದು, ಕೈಯಲ್ಲಿ ಬಡಿದದ್ದು. ಎರಡೂ ಕೇಳುವ ಬೆಳಕು ಬೇರೆ ಬೇರೆ. ಇವೆರಡನ್ನು ಸರಿಯಾಗಿ ತೆಗೆಯಲು ಬಂದರೆ ಮಿಕ್ಕ ಹೆಚ್ಚಿನವು ತಾವಾಗಿ ಬರುತ್ತವೆ.

ತೊಳೆಯಬೇಡಿ

ಫೋಟೊ ಚೆನ್ನಾಗಿ ಬರಲೆಂದು ಹುಣಸೆಹಣ್ಣು, ವಿಭೂತಿ, ಪಾತ್ರೆ ತಿಕ್ಕುವ ಪುಡಿ, ಹಲ್ಲುಜ್ಜುವ ಪೇಸ್ಟು ಇವ್ಯಾವುದರ ಹತ್ತಿರವೂ ಹೋಗಬೇಡಿ. ತಿಕ್ಕಿದ ಬೆಳ್ಳಿಯಲ್ಲಿ ಕೂದಲೆಳೆಯಷ್ಟು ಸಣ್ಣ ಗೀರುಗಳು ಒಂದೇ ದಿಕ್ಕಿಗೆ ಸಾಲಾಗಿ ಉಳಿಯುತ್ತವೆ. ತಾಮ್ರ ಹಸಿ ಮಾಂಸದ ಹಾಗೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಲ್ಲವರಿಗೆ ಇದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ನಾಣ್ಯದ ಸ್ಥಿತಿ ಪರೀಕ್ಷಿಸಿ ದರ್ಜೆ ಕೊಡುವ ಗ್ರೇಡಿಂಗ್ ಸಂಸ್ಥೆಗಳು ಅಂಥ ನಾಣ್ಯಕ್ಕೆ ದರ್ಜೆಯ ಅಂಕಿ ಕೊಡದೆ, ಕುಂದಿದೆ ಎಂಬ ಅರ್ಥದ ‘ಡೀಟೇಲ್ಸ್’ ಎಂದು ಬರೆದು ಕಳಿಸುತ್ತವೆ. ಲಕ್ಷ್ಮಿ ಪೂಜೆಯಲ್ಲಿ ಇಟ್ಟ ರೂಪಾಯಿಯಲ್ಲಿ ಅಕ್ಷರದ ಸಂದಿಗೆ ಕುಂಕುಮ, ಅರಿಶಿನ ಕೂತಿದ್ದರೆ ಅದನ್ನು ಪಿನ್ನಿನಿಂದ ಕೆರೆಯುವ ಬದಲು ಹಾಗೇ ತೋರಿಸಿ.

ಧೂಳಿಗೆ ಕ್ಯಾಮೆರಾ ಅಂಗಡಿಯಲ್ಲಿ ಸಿಗುವ ರಬ್ಬರ್ ಬ್ಲೋಯರ್ ಸಾಕು. ಬಾಯಿಂದ ಊದಬೇಡಿ: ಕಣ್ಣಿಗೆ ಕಾಣದ ಎಂಜಲಿನ ಹನಿ ತಾಮ್ರದ ಮೇಲೆ ಬಿದ್ದರೆ ಕಾಲಕ್ರಮದಲ್ಲಿ ಕರಿಚುಕ್ಕೆ ಆಗುತ್ತದೆ. ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿಯಿರಿ. ಕೆಳಗೆ ಮಡಿಸಿದ ಟವೆಲ್ ಇರಲಿ, ಜಾರಿದರೂ ಟೈಲ್ಸಿಗೆ ಬೀಳಬಾರದು.

ಕ್ಯಾಮೆರಾ ಮಟ್ಟವಾಗಿರಲಿ

ನಾಣ್ಯ ಮೇಜಿನ ಮೇಲೆ ಮಲಗಿರುತ್ತದೆ, ಕ್ಯಾಮೆರಾ ನೆತ್ತಿಯ ಮೇಲಿನಿಂದ ನೇರ ಕೆಳಗೆ ನೋಡುತ್ತದೆ. ಟ್ರೈಪಾಡ್ ಇದ್ದರೆ ಸರಿ. ಮೊಬೈಲ್ ಆದರೆ ಒಂದೇ ಎತ್ತರದ ಎರಡು ಪುಸ್ತಕದ ರಾಶಿಗಳ ನಡುವೆ ಸೇತುವೆಯ ಹಾಗೆ ಅಡ್ಡ ಇಡಿ, ಲೆನ್ಸ್ ಇರುವ ಭಾಗ ಮಾತ್ರ ತೆರವಿನಲ್ಲಿರಲಿ. 20ರಿಂದ 25 ಸೆಂಟಿಮೀಟರ್ ಎತ್ತರ ಬೇಕು. ಇದಕ್ಕಿಂತ ಹತ್ತಿರ ಹೋದರೆ ಮೊಬೈಲಿನ ನೆರಳೇ ನಾಣ್ಯದ ಮೇಲೆ ಬೀಳುತ್ತದೆ, ದೀಪ ಇಡಲು ಜಾಗವೂ ಉಳಿಯುವುದಿಲ್ಲ.

ಮಟ್ಟ ಸರಿಯಿದೆಯೇ ಎಂದು ನೋಡಲು ನಾಣ್ಯ ಇಡುವ ಜಾಗದಲ್ಲಿ ಒಂದು ಪುಟ್ಟ ಕನ್ನಡಿ ಇಡಿ. ಪರದೆಯಲ್ಲಿ ಲೆನ್ಸಿನ ಪ್ರತಿಬಿಂಬ ನಟ್ಟನಡುವೆ ಕಂಡರೆ ಕ್ಯಾಮೆರಾ ಮೇಜಿಗೆ ಸಮಾನಾಂತರವಾಗಿದೆ. ಪಕ್ಕಕ್ಕೆ ಸರಿದಿದ್ದರೆ ಅಷ್ಟು ವಾಲಿದೆ ಎಂದರ್ಥ. ಇಷ್ಟು ಕಟ್ಟುನಿಟ್ಟು ಏಕೆಂದರೆ, ರೂಪಾಯಿಯ ಅಗಲ ಸುಮಾರು 30.5 ಮಿಲಿಮೀಟರ್, ಒಂದೇ ಒಂದು ಡಿಗ್ರಿ ವಾಲಿದರೂ ಒಂದು ಅಂಚಿಗೂ ಇನ್ನೊಂದಕ್ಕೂ ಅರ್ಧ ಮಿಲಿಮೀಟರ್ ಎತ್ತರದ ವ್ಯತ್ಯಾಸ ಬರುತ್ತದೆ. ಫುಲ್‌ಫ್ರೇಮ್ ಕ್ಯಾಮೆರಾಕ್ಕೆ ಮ್ಯಾಕ್ರೊ ಲೆನ್ಸ್ ಹಾಕಿ ನಾಣ್ಯ ಚೌಕಟ್ಟಿನ ತುಂಬ ಬರುವಂತೆ ತೆಗೆದಾಗ ಎಫ್/8ರಲ್ಲಿ (ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಎಂಬುದರ ಅಳತೆ; ಅಂಕಿ ಹೆಚ್ಚಿದಷ್ಟೂ ಕಿಂಡಿ ಸಣ್ಣದು) ಚುರುಕಾಗಿ ಕಾಣುವ ಆಳ ಹೆಚ್ಚೆಂದರೆ ಒಂದೂವರೆ ಮಿಲಿಮೀಟರ್. ಎರಡು ಮೂರು ಡಿಗ್ರಿ ವಾಲಿತೆಂದರೆ ರಾಣಿಯ ಕಿರೀಟ ಸ್ಪಷ್ಟ, ಎದೆಯ ಉಡುಗೆ ಮಂಜು ಮಂಜು.

ಹಾಗೆಂದು ಆಳ ಹೆಚ್ಚಿಸಲು ಎಫ್/16, ಎಫ್/22ಕ್ಕೆ ಹೋಗಬೇಡಿ. ಇಷ್ಟು ಹತ್ತಿರದಲ್ಲಿ ಎಫ್/8 ಎಂದಿಟ್ಟರೂ ಅದು ಎಫ್/14ರಂತೆ ವರ್ತಿಸುತ್ತದೆ, ಅದನ್ನೂ ಮೀರಿದರೆ ಬೆಳಕು ಚದುರಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಎಫ್/8, ಐಎಸ್‌ಒ 100, ಎರಡು ಸೆಕೆಂಡ್ ಟೈಮರ್ ಇಟ್ಟುಕೊಂಡರೆ ಸಾಕು. ಫೋಕಸ್ಸನ್ನು ಪರದೆಯಲ್ಲಿ ಹಿಗ್ಗಿಸಿ ಇಸವಿಯ ಅಂಕಿಯ ಮೇಲೆ ಕೈಯಾರೆ ಹಿಡಿಯಿರಿ. ಫ್ಯಾನ್ ಆರಿಸಿ, ಮೇಜಿನ ಕಂಪನ ಕಣ್ಣಿಗೆ ಕಾಣದಿದ್ದರೂ ಫೋಟೊದಲ್ಲಿ ಕಾಣುತ್ತದೆ.

ಮೊಬೈಲಿನಲ್ಲಿ ‘ಮ್ಯಾಕ್ರೊ’ ಎಂಬ ಹೂವಿನ ಗುರುತು ಮೂಡಿದರೆ ಅದನ್ನು ಆರಿಸಿಬಿಡಿ. ಬಹಳಷ್ಟು ಮೊಬೈಲುಗಳು ಆಗ ಸದ್ದಿಲ್ಲದೆ ಅಲ್ಟ್ರಾವೈಡ್ ಲೆನ್ಸಿಗೆ ಹಾರುತ್ತವೆ, ಅಂಚು ಬಾಗುತ್ತದೆ. ಎರಡು ಅಥವಾ ಮೂರು ಪಟ್ಟಿನ ಟೆಲಿ ಲೆನ್ಸ್ ಇದ್ದರೆ ಅದನ್ನು ಬಳಸಿ ನೋಡಿ. ಅದು ಇಷ್ಟು ಹತ್ತಿರಕ್ಕೆ ಫೋಕಸ್ ಆಗದಿದ್ದರೆ ಮುಖ್ಯ ಲೆನ್ಸಿನಲ್ಲೇ ತೆಗೆದು ಆಮೇಲೆ ಕತ್ತರಿಸಿಕೊಳ್ಳಿ. ಪೋರ್ಟ್ರೇಟ್, ಎಚ್‌ಡಿಆರ್, ಎಐ ಸುಧಾರಣೆ ಎಲ್ಲವೂ ಬಂದ್ ಇರಲಿ. ಇವು ಸವೆದ ಜಾಗಕ್ಕೆ ಇಲ್ಲದ ಗೆರೆ ತುಂಬುತ್ತವೆ, ಇರುವ ಗೀರನ್ನು ಅಳಿಸುತ್ತವೆ. ಇಸವಿಯ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಪಕ್ಕದ ಸೂರ್ಯನ ಗುರುತನ್ನು ಸ್ವಲ್ಪ ಕೆಳಕ್ಕೆ ಎಳೆಯಿರಿ.

ದೀಪ, ಹಿನ್ನೆಲೆ, ಬಣ್ಣ

ಬಾಗುವ ಕುತ್ತಿಗೆಯ ಎರಡು ಟೇಬಲ್ ಲ್ಯಾಂಪು ಸಾಕು. ಬಲ್ಬುಗಳೆರಡೂ ಒಂದೇ ಕಂಪನಿಯ, ಒಂದೇ ಬಗೆಯ ಎಲ್‌ಇಡಿ ಆಗಿರಲಿ. ಪೆಟ್ಟಿಗೆಯ ಮೇಲೆ ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 90ಕ್ಕಿಂತ ಹೆಚ್ಚು, ಬಣ್ಣ 5000 ಕೆಲ್ವಿನ್ ಆಸುಪಾಸು ಎಂದಿರುವುದನ್ನು ಆರಿಸಿ. ಮನೆಗೆ ಹಾಕುವ ಸಾಮಾನ್ಯ 6500 ಕೆಲ್ವಿನ್ ಬಲ್ಬಿನಲ್ಲಿ ಕೆಂಪು ಕಿರಣಗಳು ಕಡಿಮೆ. ಬೆಳ್ಳಿಗೆ ಅದು ಹೇಗೋ ನಡೆಯುತ್ತದೆ, ತಾಮ್ರ ಮಾತ್ರ ಸತ್ತ ಬಣ್ಣಕ್ಕೆ ತಿರುಗುತ್ತದೆ. ಕಿಟಕಿ ಮುಚ್ಚಿ, ಕೋಣೆಯ ಟ್ಯೂಬ್‌ಲೈಟ್ ಆರಿಸಿ. ಎರಡು ಬಗೆಯ ಬೆಳಕು ಬೆರೆತರೆ ನಾಣ್ಯದ ಒಂದು ಕಡೆ ನೀಲಿ, ಇನ್ನೊಂದು ಕಡೆ ಹಳದಿ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಅಗ್ಗದ ಎಲ್‌ಇಡಿ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ಚಿತ್ರದಲ್ಲಿ ಅಡ್ಡ ಪಟ್ಟೆ ಕಂಡರೆ ಶಟರನ್ನು 1/50 ಅಥವಾ 1/25 ಸೆಕೆಂಡಿಗೆ ಇಳಿಸಿ.

ಹಿನ್ನೆಲೆಗೆ ತಿಳಿಬೂದು ಕಾಗದ. ಕ್ಯಾಮೆರಾ ಕಂಡದ್ದನ್ನೆಲ್ಲ ಸರಾಸರಿ ಬೂದು ಮಾಡಲು ನೋಡುತ್ತದೆ. ಕಪ್ಪು ಮಖಮಲ್ಲಿನ ಮೇಲೆ ಬೆಳ್ಳಿ ಇಟ್ಟರೆ ಅದನ್ನು ಸುಣ್ಣ ಬಳಿದ ಹಾಗೆ ಬಿಳಿ ಮಾಡುತ್ತದೆ, ಬಿಳಿ ಹಾಳೆಯ ಮೇಲೆ ತಾಮ್ರ ಇಟ್ಟರೆ ಕರಿ ಮಸಿ ಮಾಡುತ್ತದೆ. ಬೂದಿನಲ್ಲಿ ಈ ಜಗ್ಗಾಟ ಇಲ್ಲ. ನಾಣ್ಯವನ್ನು ನೇರ ಕಾಗದದ ಮೇಲೆ ಇಡುವ ಬದಲು ಅದಕ್ಕಿಂತ ಅಗಲ ಕಡಿಮೆ ಇರುವ ಔಷಧಿ ಬಾಟಲಿಯ ಮುಚ್ಚಳದ ಮೇಲೆ ಇಡಿ. ಮುಚ್ಚಳದ ನೆತ್ತಿಗೆ ಮೆತ್ತನೆ ಬಟ್ಟೆ ಅಂಟಿಸಿರಲಿ. ನಾಣ್ಯ ಗಾಳಿಯಲ್ಲಿ ನಿಂತಂತಾಗಿ ಅಂಚಿನ ನೆರಳು ಮಾಯವಾಗುತ್ತದೆ, ಕಾಗದದ ನಾರು ಮಂಜಾಗುತ್ತದೆ.

ಬಿಳಿ ಸಮತೋಲಕ್ಕೆ, ಅಂದರೆ ವೈಟ್ ಬ್ಯಾಲೆನ್ಸಿಗೆ, ಫೋಟೊ ಅಂಗಡಿಯ 18 ಪ್ರತಿಶತ ಗ್ರೇ ಕಾರ್ಡನ್ನು ನಾಣ್ಯದ ಜಾಗದಲ್ಲಿಟ್ಟು ಒಂದು ಚಿತ್ರ ತೆಗೆದು ಕಸ್ಟಮ್ ಎಂದು ಸೇರಿಸಿ. ದೀಪ ಅಲುಗಿಸದಿದ್ದರೆ ಆ ಸಂಜೆಗೆಲ್ಲ ಅದೇ ಸಾಕು. ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ತಾಮ್ರದ ಕೆಂಪನ್ನೇ ತಪ್ಪೆಂದು ತಿದ್ದಿಬಿಡುತ್ತದೆ.

ರಾಣಿ ರೂಪಾಯಿ

ಹೆಚ್ಚು ಚಲಾವಣೆಯಾಗದ ಬೆಳ್ಳಿ ರೂಪಾಯಿಯನ್ನು ದೀಪದ ಕೆಳಗೆ ನಿಧಾನ ವಾಲಿಸಿ ನೋಡಿ. ಗಾಡಿಯ ಚಕ್ರದ ಅರೆಗಳು ತಿರುಗಿದ ಹಾಗೆ ಬೆಳಕಿನ ಪಟ್ಟಿಗಳು ಸುತ್ತುತ್ತವೆ. ಅಚ್ಚಿನ ಏಟು ಬಿದ್ದಾಗ ಬೆಳ್ಳಿ ನಡುವಿನಿಂದ ಅಂಚಿಗೆ ಹರಿದು ಬಿಟ್ಟ ಅತಿ ಸಣ್ಣ ಗೆರೆಗಳ ಆಟ ಅದು. ಲಸ್ಟರ್ ಎಂದು ಸಂಗ್ರಾಹಕರು ಕರೆಯುವುದು ಇದನ್ನೇ. ಕೈಯಿಂದ ಕೈಗೆ ಓಡಾಡಿದಾಗ ಮೊದಲು ಹೋಗುವುದೂ ಇದೇ, ಬೆಲೆಯನ್ನು ಮೇಲೆತ್ತುವುದೂ ಇದೇ.

ಇದನ್ನು ಹಿಡಿಯಲು ದೀಪಗಳು ಎತ್ತರದಲ್ಲಿರಬೇಕು. ನಾಣ್ಯವನ್ನು ಗಡಿಯಾರ ಎಂದುಕೊಂಡರೆ 10 ಮತ್ತು 2 ಗಂಟೆಯ ಜಾಗದಲ್ಲಿ, ಮೇಜಿನಿಂದ 60–70 ಡಿಗ್ರಿ ಏರಿಸಿ, ಲೆನ್ಸಿಗೆ ತಾಗುವಷ್ಟು ಹತ್ತಿರ ಇಡಿ. ಬಲ್ಬಿನ ಮುಂದೆ ಒಂದು ಪದರ ಬಟರ್ ಪೇಪರ್ ಇದ್ದರೆ ಚುಚ್ಚುವ ಹೊಳಪು ತಗ್ಗುತ್ತದೆ. ಮೂರು ನಾಲ್ಕು ಪದರ ಹಾಕಿದರೆ ಅರೆಗಳೂ ಹೋಗಿ ರೂಪಾಯಿ ಅಲ್ಯೂಮಿನಿಯಂ ಬಿಲ್ಲೆಯಂತೆ ಕಾಣುತ್ತದೆ. ಬಿಳಿ ಲೈಟ್ ಬಾಕ್ಸಿನಲ್ಲಿ ತೆಗೆದ ನಾಣ್ಯಗಳು ಜೀವವಿಲ್ಲದೆ ಕಾಣುವುದೂ ಇದಕ್ಕೇ. ಲೆನ್ಸಿನ ಸುತ್ತ ಹಾಕುವ ರಿಂಗ್ ಲೈಟನ್ನೂ ನಾಣ್ಯಕ್ಕೆ ಬಳಸಬಾರದು. ಎಲ್ಲ ಕಡೆಯಿಂದ ಸಮ ಬಿದ್ದ ಬೆಳಕಿನಲ್ಲಿ ಉಬ್ಬು ತಗ್ಗುಗಳ ಗುರುತೇ ಸಿಗುವುದಿಲ್ಲ.

ಗ್ರೇಡ್ ಹೇಳುವವರ ಕಣ್ಣು ಮೊದಲು ಎತ್ತರದ ಜಾಗಗಳಿಗೆ ಹೋಗುತ್ತದೆ: ರಾಣಿಯ ಕೆನ್ನೆ, ಕಿವಿಯ ಮೇಲಿನ ಕೂದಲು, ಎದೆಯ ಉಡುಗೆಯ ಕಸೂತಿ. ಆ ಮೂರು ಕಡೆ ಬೆಳಕು ಉರಿದು ಬಿಳಿಯಾಗಿದ್ದರೆ ಸವಕಲು ಎಷ್ಟು ಎಂದು ಯಾರೂ ಹೇಳಲಾರರು. ಹಿಸ್ಟೋಗ್ರಾಮಿನಲ್ಲಿ, ಅಂದರೆ ಚಿತ್ರದ ಕತ್ತಲು ಬೆಳಕಿನ ಹಂಚಿಕೆ ತೋರಿಸುವ ಪುಟ್ಟ ನಕ್ಷೆಯಲ್ಲಿ, ಬಲಗೋಡೆಗೆ ಗುಡ್ಡ ತಾಗದಂತೆ ಎಕ್ಸ್‌ಪೋಷರ್ ಇಳಿಸಿ.

1862ರ ರೂಪಾಯಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಈ ಇಸವಿಯನ್ನು 1874ರವರೆಗೂ ಬದಲಾಯಿಸದೆ ಅಚ್ಚು ಹಾಕಿದರು. ಬಾಂಬೆ ಟಂಕಸಾಲೆಯವರು ನಿಜವಾದ ವರ್ಷ ತಿಳಿಯಲೆಂದು ಹಿಮ್ಮುಖದಲ್ಲಿ ಪುಟ್ಟ ಚುಕ್ಕಿಗಳನ್ನು ಸೇರಿಸುತ್ತ ಹೋದರು. ಇಸವಿಯ ಕೆಳಗೆ ಎಷ್ಟು ಚುಕ್ಕಿ, ಮೇಲ್ಗಡೆ ಎಷ್ಟು ಚುಕ್ಕಿ ಎಂಬುದರ ಮೇಲೆ ಸಂಗ್ರಾಹಕರು ಇವನ್ನು ವಿಂಗಡಿಸುತ್ತಾರೆ. ಒಂದು ಚುಕ್ಕಿ ಹೆಚ್ಚು ಕಡಿಮೆಯಾದರೂ ನಾಣ್ಯ ಬೇರೆ, ಬೆಲೆ ಬೇರೆ. ಆದ್ದರಿಂದ ಇಡೀ ಮುಖದ ಚಿತ್ರದ ಜೊತೆಗೆ ಇಸವಿಯ ಭಾಗವನ್ನಷ್ಟೇ ಹತ್ತಿರದಿಂದ ಇನ್ನೊಂದು ತೆಗೆಯಿರಿ. ಅದನ್ನು ತೆಗೆಯುವ ಮೊದಲು ಬ್ಲೋಯರ್ ಹೊಡೆಯಿರಿ. ಒಂದು ಧೂಳಿನ ಕಣ ಫೋಟೊದಲ್ಲಿ ಚುಕ್ಕಿಯೇ ಆಗಿಬಿಡುತ್ತದೆ. ದೀಪವನ್ನು ಸ್ವಲ್ಪ ಸರಿಸಿ ಎರಡನೇ ಚಿತ್ರ ತೆಗೆದರೆ ಗುಟ್ಟು ಬಯಲಾಗುತ್ತದೆ: ಲೋಹದ ಚುಕ್ಕಿಯ ಒಂದು ಬದಿ ಹೊಳೆದು ಇನ್ನೊಂದು ಬದಿ ನೆರಳಾಗುತ್ತದೆ, ಧೂಳು ಮಂಕಾಗಿಯೇ ಉಳಿಯುತ್ತದೆ.

ತೊಳೆದ ಗೀರುಗಳಿವೆಯೇ ಎಂದು ನಿಮಗೇ ಖಾತ್ರಿಯಾಗಬೇಕಾದರೆ ದೀಪ ಹಾಗೇ ಬಿಟ್ಟು ನಾಣ್ಯವನ್ನು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸಿ ನೋಡಿ. ಒಂದು ಕೋನದಲ್ಲಿ ಅಡಗಿದ ಗೀರು ಇನ್ನೊಂದರಲ್ಲಿ ಬೆಳ್ಳಿ ಎಳೆಯಂತೆ ಎದ್ದು ಬರುತ್ತದೆ. ಕಂಡರೆ ಅದೇ ಕೋನದ ಚಿತ್ರವನ್ನೂ ಜಾಹೀರಾತಿಗೆ ಸೇರಿಸಿ. ಮುಚ್ಚಿಟ್ಟ ಗೀರು ಕೊಂಡವರ ಕೈಯಲ್ಲಿ ಕಂಡೇ ಕಾಣುತ್ತದೆ, ನಾಣ್ಯ ವಾಪಸು ಬರುತ್ತದೆ, ನಿಮ್ಮ ಮುಂದಿನ ನಾಣ್ಯವನ್ನೂ ಅವರು ಮುಟ್ಟುವುದಿಲ್ಲ.

ಆನೆ ಕಾಸು

ಇಲ್ಲಿ ಎಲ್ಲ ತಲೆಕೆಳಗು. ಕಪ್ಪಗಾದ ತಾಮ್ರ ಬೆಳಕನ್ನು ಕುಡಿಯುತ್ತದೆ. ಲಸ್ಟರ್ ಉಳಿದಿರುವುದೇ ಅಪರೂಪ, ತೋರಿಸಬೇಕಾದ್ದು ಉಬ್ಬು. ಆದ್ದರಿಂದ ಒಂದು ದೀಪವನ್ನು 30 ಡಿಗ್ರಿಗೆ ಇಳಿಸಿ 11 ಗಂಟೆಯ ಜಾಗದಲ್ಲಿಡಿ, ಎದುರು ಬದಿಯಲ್ಲಿ ಬಿಳಿ ಕಾರ್ಡು ನಿಲ್ಲಿಸಿ. ಕಾರ್ಡಿನಿಂದ ಮರಳಿದ ಬೆಳಕು ಆನೆಯ ಹೊಟ್ಟೆಯ ಕೆಳಗಿನ ಕತ್ತಲನ್ನು ತುಸು ತುಂಬುತ್ತದೆ. ದೀಪ ತೀರ ನೆಲಕ್ಕೆ ತಾಗಿದರೆ ಸಣ್ಣ ಸಣ್ಣ ಹಳ್ಳಗಳೆಲ್ಲ ಬಾವಿಯಂತಾಗಿ ನಾಣ್ಯ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ.

ಕೈಯಲ್ಲಿ ಬಡಿದ ಕಾಸು ಒಂದೇ ದಪ್ಪ ಇರುವುದಿಲ್ಲ. ತಗ್ಗಿದ ಕಡೆಗೆ ಕಾಗದದ ಚೂರು ಕೊಟ್ಟು ಮೇಲ್ಮೈಯನ್ನು ಮಟ್ಟಕ್ಕೆ ತನ್ನಿ. ಎರಡು ಮುಖಗಳ ನೆಟ್ಟಗಿನ ದಿಕ್ಕೂ ಒಂದಕ್ಕೊಂದು ಹೊಂದುವುದಿಲ್ಲ, ಪ್ರತಿ ಮುಖವನ್ನೂ ಬೇರೆಯಾಗಿ ನೇರ ಮಾಡಿಕೊಳ್ಳಿ. ಆನೆಯ ಕಾಲುಗಳು ಒಂದು ಗೆರೆಯ ಮೇಲೆ ನಿಂತರೆ ಅದು ನೆಟ್ಟಗಿದೆ ಎಂದರ್ಥ. ಇನ್ನೊಂದು ಮುಖದಲ್ಲಿ ಪಾರ್ಸಿ ಅಕ್ಷರದಲ್ಲಿ ಟಂಕಸಾಲೆಯ ಹೆಸರಿರುತ್ತದೆ. ‘ಪಟನ್’ ಎಂದಿದ್ದರೆ ಶ್ರೀರಂಗಪಟ್ಟಣ, ‘ನಗರ್’ ಎಂದಿದ್ದರೆ ಮಲೆನಾಡಿನ ನಗರ. ಓದಲು ಬಾರದಿದ್ದರೆ ಅದೇ ಟಂಕಸಾಲೆಯ ಸ್ಪಷ್ಟ ಚಿತ್ರವೊಂದನ್ನು ಪಕ್ಕದಲ್ಲಿಟ್ಟು ಹೋಲಿಸಿ ತಿರುಗಿಸಿ. ತಲೆಕೆಳಗಾದ ಅಕ್ಷರ ಕಂಡ ಕೂಡಲೇ ಬಲ್ಲ ಗಿರಾಕಿ ಮಾರುವವರ ತಿಳಿವಳಿಕೆಯನ್ನು ಅಳೆದುಬಿಡುತ್ತಾನೆ.

ಚಿತ್ರ ಕನ್ನಡಿಯಂತೆ ಎಡಬಲ ಆಗದಂತೆ ಎಚ್ಚರವಿರಲಿ. ಆನೆ ಎಡಕ್ಕೆ ನೋಡುತ್ತದೆಯೋ ಬಲಕ್ಕೋ, ಬಾಲ ಎತ್ತಿದೆಯೋ ಇಳಿದಿದೆಯೋ ಎಂಬುದರ ಮೇಲೇ ಈ ಕಾಸುಗಳ ವರ್ಗೀಕರಣ ನಿಂತಿದೆ. ತಾನೇ ಜಾರಿಗೆ ತಂದ ಮೌಲೂದಿ ಶಕೆಯ ಇಸವಿಯ ಅಂಕಿಗಳನ್ನಂತೂ ಟಿಪ್ಪು ಬಲದಿಂದ ಎಡಕ್ಕೆ ಬರೆಸಿದ್ದ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸಾದರೆ ಆನೆಯ ಮೇಲಿನ ಶ್ರೀಕಾರ, ಸೂರ್ಯ, ಚಂದ್ರ ಮೂರೂ ಚೌಕಟ್ಟಿನೊಳಗೆ ಸ್ಪಷ್ಟವಾಗಿ ಸಿಗಬೇಕು. ಹಸಿರು ಕಿಲುಬು ಇದ್ದರೆ ಅದರ ಹತ್ತಿರದ ಚಿತ್ರ ಒಂದು ಇರಲಿ. ಗಟ್ಟಿಯಾಗಿ ಕೂತದ್ದೋ ಪುಡಿ ಉದುರುವುದೋ ಎಂದು ಕೊಳ್ಳುವವರಿಗೆ ತಿಳಿಯಬೇಕು, ಪುಡಿ ಉದುರುವಂಥದು ಲೋಹವನ್ನು ಇನ್ನೂ ತಿನ್ನುತ್ತಿರುತ್ತದೆ.

ಅಂಚು ಮತ್ತು ತೂಕ

ಎರಡು ಮುಖ ಹಾಕಿ ಅಂಚು ಬಿಟ್ಟುಬಿಡುವುದು ನಮ್ಮಲ್ಲಿ ಬಹಳ. ಆದರೆ ನಮ್ಮ ಕಡೆಯ ನಾಣ್ಯಗಳ ಚರಿತ್ರೆ ಇರುವುದೇ ಅಂಚಿನಲ್ಲಿ. ಕಾಸಿನ ಸರಕ್ಕೆ, ಪದಕಕ್ಕೆ ಕೊಂಡಿ ಬೆಸೆದ ರೂಪಾಯಿಗಳು ಎಷ್ಟೋ ಇವೆ. ಕೊಂಡಿ ಕಿತ್ತು ಅರ ಹಾಕಿ ಸಮ ಮಾಡಿದ ಜಾಗ ಸಾಮಾನ್ಯವಾಗಿ ರಾಣಿಯ ತಲೆಯ ನೇರಕ್ಕೆ, 12 ಗಂಟೆಯಲ್ಲಿ ಸಿಗುತ್ತದೆ: ಅಂಚಿನ ಹಲ್ಲುಗಳು ಅಲ್ಲಿ ಮಾಯ, ಬೆಳ್ಳಿಯ ಬಣ್ಣವೂ ತುಸು ಬೇರೆ. ಎರಕ ಹೊಯ್ದ ನಕಲಿಯಲ್ಲಿ ಅಚ್ಚಿನ ಎರಡು ಹೋಳು ಸೇರಿದ ಗೆರೆಯೂ ಅಂಚಿನಲ್ಲೇ ಓಡುತ್ತದೆ. ಎರಡು ಮರದ ತುಂಡಿಗೆ ಹತ್ತಿ ಬಟ್ಟೆ ಸುತ್ತಿ ನಡುವೆ ನಾಣ್ಯ ನಿಲ್ಲಿಸಿ, ಮೂರನೇ ಒಂದು ಸುತ್ತಿಗೊಂದರಂತೆ ಮೂರು ಚಿತ್ರ ತೆಗೆಯಿರಿ. ರಬ್ಬರ್ ಬ್ಯಾಂಡ್ ಬೇಡ, ಅದರ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ.

ತೂಕವನ್ನು 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿಯ ಮೇಲೆ ನಾಣ್ಯ ಇಟ್ಟು, ಅಂಕಿ ಸಮೇತ ಹಿಡಿಯಿರಿ. ಬೆಳ್ಳಿ ರೂಪಾಯಿ ಎಂದರೆ ಸರಿಯಾಗಿ ಒಂದು ತೊಲ, 11.66 ಗ್ರಾಂ. ಸವೆದದ್ದು ಒಂದೆರಡು ಹತ್ತಾಂಶ ಕಡಿಮೆ ತೂಗಬಹುದು. ಚೆನ್ನಾಗಿ ಕಾಣುವ ರೂಪಾಯಿ 10 ಗ್ರಾಂ ತೂಗಿದರೆ ಫೋಟೊ ಬಿಟ್ಟು ಮೊದಲು ನಾಣ್ಯವನ್ನೇ ಅನುಮಾನಿಸಿ. ಹಾಗೆಯೇ ಹನುಮಂತ, ರಾಮಸೀತೆಯರ ಚಿತ್ರವಿದ್ದು ಈಸ್ಟ್ ಇಂಡಿಯಾ ಕಂಪನಿ 1818 ಎಂದು ಬರೆದಿರುವ ಬಿಲ್ಲೆಗಳು ಚಲಾವಣೆಯ ನಾಣ್ಯಗಳೇ ಅಲ್ಲ, ಅವಕ್ಕೆ ಈ ಶ್ರಮ ಬೇಡ.

ಪ್ಲಾಸ್ಟಿಕ್ ಕವರಿನಲ್ಲಿರುವ ನಾಣ್ಯವನ್ನು ಹೊರತೆಗೆದು ಚಿತ್ರ ತೆಗೆಯಿರಿ. ಸ್ಟೇಪಲ್ ಹೊಡೆದ ರಟ್ಟಾದರೆ ಮೊದಲು ಪಿನ್ನುಗಳನ್ನು ಪೂರಾ ಕೀಳಿ, ಎಳೆಯುವಾಗ ಪಿನ್ನಿನ ತುದಿ ನಾಣ್ಯವನ್ನು ಗೀರುತ್ತದೆ. ಗ್ರೇಡ್ ಆಗಿ ಸ್ಲ್ಯಾಬಿನಲ್ಲಿ, ಅಂದರೆ ಗ್ರೇಡಿಂಗ್ ಸಂಸ್ಥೆ ಮುಚ್ಚಿ ಕಳಿಸಿದ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಇರುವುದನ್ನು ಮಾತ್ರ ಹಾಗೇ ಫೋಟೊ ತೆಗೆಯಬೇಕು. ಪ್ಲಾಸ್ಟಿಕ್ಕನ್ನು ಮೈಕ್ರೊಫೈಬರ್ ಬಟ್ಟೆಯಲ್ಲಿ ಒರೆಸಿ, ಕಪ್ಪು ರಟ್ಟಿಗೆ ಲೆನ್ಸ್ ಗಾತ್ರದ ತೂತು ಮಾಡಿ ಅದರ ಮೂಲಕ ಹಿಡಿದರೆ ಮೊಬೈಲಿನ ಪ್ರತಿಬಿಂಬ ಹೋಗುತ್ತದೆ. ಚೀಟಿಯ ಸಂಖ್ಯೆ ಓದುವಂತಿರಲಿ.

ಕಂಪ್ಯೂಟರಿನಲ್ಲಿ, ಆಮೇಲೆ ಮಾರುಕಟ್ಟೆಯಲ್ಲಿ

ನೇರ ಮಾಡುವುದು, ಚೌಕವಾಗಿ ಕತ್ತರಿಸುವುದು, ಎರಡು ಮುಖಗಳನ್ನು ಒಂದೇ ಗಾತ್ರಕ್ಕೆ ತಂದು ಅಕ್ಕಪಕ್ಕ ಜೋಡಿಸುವುದು ಇಷ್ಟೇ ತಿದ್ದುಪಡಿ. ಬಣ್ಣದ ಗಾಢತೆ ಹೆಚ್ಚಿಸುವ ಗುಂಡಿಯನ್ನು ಮುಟ್ಟಬೇಡಿ. ಬೆಳ್ಳಿಯ ಮೇಲಿನ ತಿಳಿ ಚಿನ್ನದ ಛಾಯೆ ಅದರಲ್ಲಿ ಕಾಮನಬಿಲ್ಲಾಗಿಬಿಡುತ್ತದೆ. ಮುಗಿದ ಮೇಲೆ ನಾಣ್ಯವನ್ನು ಅದೇ ದೀಪದ ಕೆಳಗೆ ಹಿಡಿದು ಪರದೆಯೊಂದಿಗೆ ಹೋಲಿಸಿ. ಪ್ರತಿ ಮುಖ 2000 ಪಿಕ್ಸೆಲ್ ಅಗಲ ಇದ್ದರೆ ಸಾಕು. ಹೆಸರಿನ ವಾಟರ್‌ಮಾರ್ಕನ್ನು ಎರಡು ಮುಖಗಳ ನಡುವಿನ ಬಯಲಲ್ಲಿ ಹಾಕಿ, ನಾಣ್ಯದ ಮೈಮೇಲೆ ಬೇಡ. ಮೊಬೈಲ್ ಚಿತ್ರದೊಳಗೆ ಮನೆಯ ಜಾಗದ ವಿವರ ಸೇರಿರುತ್ತದೆ, ಹಂಚುವ ಮುಂಚೆ ಅದನ್ನು ತೆಗೆಯಿರಿ. ಲಸ್ಟರ್ ಇರುವ ನಾಣ್ಯಕ್ಕೆ ನಿಧಾನ ವಾಲಿಸುವ ಹತ್ತು ಸೆಕೆಂಡಿನ ವಿಡಿಯೊ ಸೇರಿಸಿದರೆ ಗಿರಾಕಿಯ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಕ್ಕಂತೆ.

ಫೋಟೊ ನೋಡಿ ಹೇಳುವ ಗ್ರೇಡ್ ಒಂದು ಅಂದಾಜು. ತುಸು ಸವೆದ ವಿಎಫ್ (ವೆರಿ ಫೈನ್) ನಾಣ್ಯವನ್ನು ಅದಕ್ಕಿಂತ ಕಡಿಮೆ ಸವೆದ ಎಕ್ಸ್‌ಎಫ್‌ನಿಂದ ಬೇರೆ ಮಾಡಬಹುದು. ಚಲಾವಣೆಯೇ ಆಗದ ನಾಣ್ಯಗಳ ದರ್ಜೆಯಾದ ಎಂಎಸ್ (ಮಿಂಟ್ ಸ್ಟೇಟ್) 63ಕ್ಕೂ 64ಕ್ಕೂ ಇರುವ ಕೂದಲೆಳೆಯ ಅಂತರ ಕೈಯಲ್ಲಿ ಹಿಡಿದೇ ತಿಳಿಯಬೇಕು. ಎನ್‌ಜಿಸಿ, ಪಿಸಿಜಿಎಸ್‌ನಂಥ ಅಮೆರಿಕದ ಸಂಸ್ಥೆಗಳು 70 ಅಂಕಿಯ ಮಾಪನದಲ್ಲಿ ಗ್ರೇಡ್ ಕೊಡುವುದು ನಾಣ್ಯ ಕೈಗೆ ಬಂದ ಮೇಲೆಯೇ. ಆದರೆ ನೂರು ವರ್ಷ ತುಂಬಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ಗ್ರೇಡಿಂಗಿಗೆಂದಾಗಲಿ ಮಾರಾಟಕ್ಕೆಂದಾಗಲಿ ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ವಿದೇಶದ ಗಿರಾಕಿ ಎಷ್ಟೇ ಬೆಲೆ ಹೇಳಿದರೂ ಆನೆ ಕಾಸನ್ನು ಅಂಚೆಗೆ ಹಾಕಬೇಡಿ. ಅದಕ್ಕೇ ನಮ್ಮ ಹಳೆಯ ನಾಣ್ಯಗಳ ಮಟ್ಟಿಗೆ ಇಲ್ಲಿನ ಹರಾಜು ಸಂಸ್ಥೆಗೋ ಸಂಗ್ರಾಹಕರಿಗೋ ಮೊದಲು ತಲುಪುವುದು ನಿಮ್ಮ ಫೋಟೊ, ಅದರ ಮೇಲೇ ಮಾತು ಶುರು. ನಿಮ್ಮ ಚಿತ್ರ ನೋಡಿ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ರಿಸರ್ವ್ ಬ್ಯಾಂಕಿನ ಶುಲ್ಕ ಕಟ್ಟಿ ಎಂದು ಯಾರಾದರೂ ಕರೆ ಮಾಡಿದರೆ ಅದು ಮೋಸ. ಹಳೆಯ ನಾಣ್ಯದ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲ, ಯಾವ ಶುಲ್ಕವನ್ನೂ ತಾನು ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಎಚ್ಚರಿಸಿದೆ.

ಕತ್ತರಿಸದ, ತಿದ್ದದ ಮೂಲ ಚಿತ್ರಗಳನ್ನು ಮಾರಾಟವಾದ ಮೇಲೂ ಅಳಿಸಬೇಡಿ. ನಾಣ್ಯ ಮರಳಿ ಬಂದರೆ ಅದನ್ನು ಅದೇ ಮುಚ್ಚಳದ ಮೇಲೆ, ಅದೇ ದೀಪದ ಕೆಳಗೆ ಇಟ್ಟು ಇನ್ನೊಮ್ಮೆ ತೆಗೆಯಿರಿ. ಕೆನ್ನೆಯ ಮೇಲಿನ ಗೀರು, ಅಂಚಿನ ಪೆಟ್ಟು, ಇಸವಿಯ ಪಕ್ಕದ ಕಲೆ ಎರಡು ಚಿತ್ರಗಳಲ್ಲೂ ಒಂದೇ ಜಾಗದಲ್ಲಿ ಕೂತರೆ ನೀವು ಕಳಿಸಿದ ನಾಣ್ಯವೇ ನಿಮ್ಮ ಕೈಗೆ ಬಂದಿದೆ.